ಮಾವನ ಹೆಸರಿನ ಗವಿ

ಸಾರ್ದೋನ ಮಾವ ಸತ್ತು ಎಷ್ಟೋ ಮಳೆಗಾಲ ಕಳೆದಿದ್ದವು. ಆದರೂ ಅವರ ಹೆಸರು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನಮ್ಮ ತಗ್ಬನುವಾ ಜನರಲ್ಲಿ ಅಳಿಯನಾದವನು ಅತ್ತೆ ಮಾವಂದಿರ ಹೆಸರೆತ್ತುವುದಿಲ್ಲ. ಎತ್ತಿದವನ ಹೊಟ್ಟೆ ಉಬ್ಬುತ್ತದೆ. ಕೊರೊನ್ ದ್ವೀಪದ ಉತ್ತರದ ಸುಣ್ಣಕಲ್ಲಿನ ಬಂಡೆಯಲ್ಲಿರುವ ಗವಿಯನ್ನು ಊರೆಲ್ಲ ಮಾವನ ಹೆಸರಿನಿಂದಲೇ ತಂಡಿಕ್ ಗವಿ ಎಂದು ಕರೆದರೂ ಸಾರ್ದೋಗೆ ಅದು ‘ಅವರ ಗವಿ’ ಮಾತ್ರ.

ನಮ್ಮ ರೂಢಿಯಂತೆ ಮದುವೆಗೆ ಮೊದಲು ಹುಡುಗಿಯ ಮನೆಯಲ್ಲಿ ದುಡಿಯಲು ಬಂದವನು ಅವನು. ಬಳ್ಳಿ ಹಿಡಿದು ಕತ್ತಲೆಯೊಳಗೆ ಹತ್ತುವುದನ್ನು ಮಾವನೇ ಕಲಿಸಿದ್ದರು. ಉಗುಳಿನಿಂದ ಗೂಡು ಕಟ್ಟುವ ಹಕ್ಕಿ ಅಲ್ಲಿ ಸಾವಿರಗಟ್ಟಲೆ. ತಿನ್ನಲು ಬರುವ ಆ ಗೂಡಿಗೆ ಪಟ್ಟಣದಲ್ಲಿ ಒಳ್ಳೆಯ ಬೆಲೆ. ಮರಿ ಹಾರಿಹೋದ ಮೇಲೆಯೇ ಗೂಡಿಗೆ ಕೈ ಹಾಕಬೇಕು ಎಂದು ಹೇಳಿಕೊಟ್ಟವರೂ ಅವರೇ. ಸಾರ್ದೋನ ಸ್ವಂತ ಮನೆತನಕ್ಕೆ ಗವಿ ಇರಲಿಲ್ಲ. ಹೆಂಡತಿಯ ಕಡೆಯ ಗವಿಯಲ್ಲಿ ಬದುಕುವವನು ಎಂದು ಯಾರಾದರೂ ಆಡಿದರೆ ಅವನ ಮುಖ ಗಂಟಾಗುತ್ತಿತ್ತು.

ಪಟ್ಟಣದ ದೋಣಿ ಮಾಲೀಕನೊಬ್ಬ ಗವಿಯ ಕೆಳಗಿನ ಕೊಲ್ಲಿಯಲ್ಲಿ ಪ್ರವಾಸಿಗರಿಗೆ ಗುಡಿಸಲು ಕಟ್ಟುತ್ತೇನೆ, ಆ ಜಾಗಕ್ಕೆ ವಾರಸುದಾರರಿಲ್ಲ ಎಂದು ಹೊರಟ. ಅದೇ ಹೊತ್ತಿಗೆ ನಮ್ಮ ಗವಿ, ಕೆರೆ, ಮೀನಿನ ನೆಲೆಗಳನ್ನು ನಕ್ಷೆಗೆ ಹಾಕಲು ಒಬ್ಬ ಅಧಿಕಾರಿ ಬಂದ. ಸಭೆ ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ನಡೆಯಿತು. ಗವಿಯ ಹಕ್ಕು ಕೇಳಲು ಬಂದವರೇ ಎದ್ದು ನಿಂತು ಅದರ ಹೆಸರು ಹೇಳಬೇಕಿತ್ತು.

“ನಾನೂ ಬರ್ತೀನಿ,” ಎಂದಳಂತೆ ಅವನ ಹೆಂಡತಿ ನೆನಿತಾ.

“ನೀನ್ಯಾಕೆ? ಹತ್ತೋನು ನಾನು. ಮಾತಾಡೋನೂ ನಾನೇ.”

“ಮಾತಾಡಪ್ಪ, ಯಾರು ಬೇಡ ಅಂದ್ರು? ಹೆಸರು ಕೇಳಿದ್ರೆ ಏನ್ ಮಾಡ್ತೀಯ?”

“ಆಗ ನೋಡ್ಕೊಂಡ್ರಾಯ್ತು, ಬಿಡು.”

ಒಬ್ಬನೇ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

“ಗವಿ ಹೆಸರೇನಣ್ಣ?” ಎಂದ ಅಧಿಕಾರಿ.

ಸಾರ್ದೋ ಬೆಂಚಿನ ಕಾಲು ನೋಡುತ್ತ ನಿಂತ. ಹಿಂದಿನಿಂದ ಯಾರೋ “ತಂಡಿ—” ಎನ್ನುವಷ್ಟರಲ್ಲಿ ಅಧಿಕಾರಿ ಕೈಯೆತ್ತಿದ. “ಯಾರೂ ಹೇಳ್ಕೊಡ್ಬೇಡಿ. ಅವರೇ ಹೇಳ್ಲಿ.”

ದೋಣಿ ಮಾಲೀಕ ನಕ್ಕ. “ಪಾಪ, ದಾರೀಲಿ ಸಮುದ್ರಕ್ಕೆ ಬೀಳಿಸ್ಕೊಂಡ್ ಬಂದನೇನೋ!”

‘ನಾನು ಹೇಳುವ ಹಾಗಿಲ್ಲ, ಹೆಂಡತಿಯನ್ನು ಕರೆತರುತ್ತೇನೆ’ ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಗವಿ ಹೆಂಡತಿಯದೆಂದು ಅಷ್ಟು ಜನರ ಮುಂದೆ ಒಪ್ಪಿದಂತಾಗುತ್ತಿತ್ತು. ಅವನ ಬಾಯಿ ಕಟ್ಟಿದ್ದು ಸಂಕೋಚವಲ್ಲ, ಜಂಬ.

“ಅದಕ್ಕೆ ಹೆಸರಿಲ್ಲ,” ಎಂದುಬಿಟ್ಟ.

ಹೆಸರಿಲ್ಲದ ಗವಿಗೆ ಹಿರಿಯರೂ ಇಲ್ಲ, ವಾರಸುದಾರರೂ ಇಲ್ಲ. ಮಾಲೀಕ ಬಯಸಿದ್ದೂ ಅದನ್ನೇ. ಅಧಿಕಾರಿ ಹಾಗೆಯೇ ಬರೆದುಕೊಂಡ. ಆಕ್ಷೇಪವಿದ್ದವರು ನಾಳೆ ಬರಬಹುದು ಎಂದ.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ನೆನಿತಾ ಬಾಗಿಲಲ್ಲೇ ತಡೆದಳು. “ನಮ್ಮಪ್ಪಂಗೆ ಹೆಸರಿಲ್ವಾ? ನಿನ್ನನ್ನ ಹೆಗಲ ಮೇಲೆ ನಿಲ್ಲಿಸ್ಕೊಂಡು ಹತ್ತೋದು ಕಲಿಸಿದೋರು ಯಾರು ಹಾಗಾದ್ರೆ? ದೆವ್ವಾನಾ?” ಒಳಗೆ ಅತ್ತೆ ಇಲಾಯ್ ವಿಷ ಹೋಗಲೆಂದು ನೆನೆಹಾಕಿದ ಕಾಡುಗೆಣಸನ್ನು ತೊಳೆಯುತ್ತಿದ್ದಳು. ಅವಳ ಕೈ ನಿಂತಿತ್ತು.

ಮರುದಿನ ಮೂವರೂ ದೋಣಿಯಲ್ಲಿ ಬಂದರು. ನೆನಿತಾ ಎದ್ದು ನಿಂತು ತಂದೆಯ ಹೆಸರನ್ನೂ ಅಜ್ಜನ ಹೆಸರನ್ನೂ ಗಟ್ಟಿಯಾಗಿ ಹೇಳಿದಳು.

“ಸರಿ ತಾಯಿ. ಆದ್ರೆ ನಿನ್ನೆ ನಿಮ್ಮ ಯಜಮಾನ್ರೇ ಹೆಸರಿಲ್ಲ ಅಂದಿದಾರೆ,” ಎಂದ ಅಧಿಕಾರಿ. “ಅವರ ಬಾಯಿಂದಲೇ ಹೆಸರು ಹೇಳಿಸಿ ಅದನ್ನ ತಿದ್ದಿಸ್ಬೇಕು. ಇಲ್ದಿದ್ರೆ ಎರಡು ಮಾತಾಗುತ್ತೆ.”

ಸಭೆಯಲ್ಲಿದ್ದ ನಮಗೆಲ್ಲ ಇದರ ಅರ್ಥ ಗೊತ್ತಿತ್ತು. ಹೊರಗಿನವನಾದ ಅಧಿಕಾರಿಗೆ ಗೊತ್ತಿರಲಿಲ್ಲ. ಸಾರ್ದೋ ಎದ್ದ. ಅತ್ತೆ ಎದುರಿನ ಬೆಂಚಿನಲ್ಲೇ ಕೂತಿದ್ದಳು.

ಆಗ ಇಲಾಯ್ ಮೆಲ್ಲಗೆ ಎದ್ದು, ಎಲ್ಲರಿಗೂ ಬೆನ್ನು ಮಾಡಿ, ಕಿಟಕಿಯಾಚೆಯ ಸಮುದ್ರದ ಕಡೆ ತಿರುಗಿ ನಿಂತಳು. ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು. ಗಂಡ ಸತ್ತ ದಿನವೂ ಯಾರ ಮುಂದೆಯೂ ತಲೆ ತಗ್ಗಿಸದ ಮುದುಕಿ ಆಕೆ. ಈಗ ಅಳಿಯನ ತಪ್ಪಿಗೆ ದಾರಿ ಬಿಟ್ಟು ಗೋಡೆಗಂಟಿ ನಿಂತಿದ್ದಳು.

“ತಂಡಿಕ್,” ಎಂದ ಸಾರ್ದೋ. “ತಂಡಿಕ್ ಗವಿ. ನಿನ್ನೆ ನಾನು ಹೇಳಿದ್ದು ಸುಳ್ಳು.”

ಯಾರೂ ನಗಲಿಲ್ಲ. ಮಾಲೀಕನೂ ನಗಲಿಲ್ಲ. ನೆನಿತಾ ಹೋಗಿ ತಾಯಿಯ ತೋಳು ಮುಟ್ಟುವವರೆಗೂ ಮುದುಕಿ ಕೈ ಇಳಿಸಲಿಲ್ಲ.

ಗವಿ ಉಳಿಯಿತು, ನೆನಿತಾಳ ಹೆಸರಿನಲ್ಲಿ. ಸಾರ್ದೋನ ಹೊಟ್ಟೆ ಉಬ್ಬಲಿಲ್ಲ. ಉಬ್ಬಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಆ ದಿನದಿಂದ ಅವನು ಅತ್ತೆಯ ಎದುರು ಕೂತು ಉಂಡಿಲ್ಲ. ಅವಳು ಗೆಣಸು ಬಡಿಸಿ ಕಾದರೂ ತಟ್ಟೆ ಎತ್ತಿಕೊಂಡು ದೋಣಿಯ ಬಳಿ ಹೋಗುತ್ತಾನೆ.

ಈಗಲೂ ಬಂಡೆ ಹತ್ತುವವನು ಅವನೇ. ಪ್ರತಿ ವರ್ಷ ಮೊದಲು ಬಿಡಿಸಿದ ಗೂಡನ್ನು ಅತ್ತೆ ಮಲಗುವ ಕೋಣೆಯ ಮೆಟ್ಟಿಲ ಮೇಲಿಟ್ಟು, ಅವಳು ಹೊರಬರುವ ಮುಂಚೆ ಹೊರಟುಹೋಗುತ್ತಾನೆ.