ಮಿಲಿಟರಿ ಬಾಕ್ಸಿನ ಬೇರಿಂಗು

ಆ ವರ್ಷ ಹೂಮಳೆ ಸರಿಯಾಗಿಯೇ ಬಿತ್ತು. ಇನ್ನೊಂದು ವಾರಕ್ಕೆ ಕಾಫಿ ಹೂ ಬಿಡುತ್ತದೆ, ಎರಡು ಮೂರು ದಿನ ಬೆಳ್ಳಗಿದ್ದು ಕಂದುತ್ತದೆ. ಮೇಲಿನ ತೋಟದ ಹೂ ಒಂದು ಸಲ ನೋಡಬೇಕು ಅಂದರು ದೊಡ್ಡಪ್ಪ. ಅವರ ಲಿವರ್ ಕೈಕೊಟ್ಟಿತ್ತು. ಮುಂದಿನ ಹೂವಿಗೆ ಇರುವುದಿಲ್ಲ ಅಂತ ಡಾಕ್ಟರು ನನಗೂ ಹೇಳಿದ್ದರು, ಅವರಿಗೂ ಹೇಳಿದ್ದರು. ನಡೆದು ಹತ್ತುವ ಮಾತೇ ಇಲ್ಲ. ಆ ಏರಿಗೆ ಫೋರ್‌ವೀಲ್ ಜೀಪೇ ಆಗಬೇಕು. ನಮ್ಮದೋ, ಮೂರ್ನಾಡಿನ ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು.

ಹೋಗಿದ್ದು ಟ್ರಾನ್ಸ್‌ಫರ್ ಕೇಸಿನ ಬೇರಿಂಗು. ಗೇರ್‌ಬಾಕ್ಸಿನ ಹಿಂದೆ ಕೂತು ಹಿಂದೆ ಮುಂದೆ ಎರಡೂ ಕಡೆಯ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಪೆಟ್ಟಿಗೆ ಅದು. "ಪಕ್ಕದ ತೋಟದವರ ಜೀಪು ಕೇಳ್ತೀನಿ" ಅಂದೆ.

"ಕಂಡವರ ಜೀಪಲ್ಲಿ ನನ್ನ ತೋಟಕ್ಕೆ ಹೋಗೋದಾ? ಆಗಲ್ಲ" ಅಂದರು. ಈ ಹಟ ನಮ್ಮ ಮನೆಯಲ್ಲಿ ಹೊಸದೇನಲ್ಲ.

ಹಳೇ ಬೇರಿಂಗ್ ತೊಳೆದು, ಅಳತೆ ತೆಗೆದು ತರಿಸೋಣ ಅಂದ ಮೆಕ್ಯಾನಿಕ್. ದೊಡ್ಡಪ್ಪ ಫೋನಿನಲ್ಲೇ ರೇಗಿದರು. "ಎಂತ ಅಳತೆ ಮಾರಾಯ? ಅದು ಮಿಲಿಟರಿ ಬಾಕ್ಸು. ಹರಾಜಿನಲ್ಲಿ ನಾನೇ ಹಿಡಿದದ್ದು. ಮಿಲಿಟರಿ ಜೀಪಿನ ಬೇರಿಂಗ್ ಅಂತ ಹೇಳು, ಸಾಕು." ಕೊಡಗಿನಲ್ಲಿ ಸೈನ್ಯದಿಂದ ರಿಟೈರ್ ಆಗಿ ಬಂದ ಹಿರಿಯರು ಮಿಲಿಟರಿ ಅಂದಮೇಲೆ ಮುಗೀತು, ಮೇಲೆ ಮಾತಿಲ್ಲ. ಮೆಕ್ಯಾನಿಕ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ತರಿಸಿದೆವು.

ಮೈಸೂರಿನಿಂದ ಬಸ್ ಕಂಡಕ್ಟರ್ ಕೈಲಿ ಪೊಟ್ಟಣ ಬಂತು. ಶಾಫ್ಟಿಗೆ ಹಾಕಿದರೆ ಸಣಕಲು ಕೈಗೆ ತೊಡಿಸಿದ ಬಳೆಯ ಹಾಗೆ ಜಾರಿತು. ನನಗೆ ಪಿತ್ತ ನೆತ್ತಿಗೇರಿತು. ಇಲ್ಲಿನ ಹಳೇ ಜೀಪುಗಳ ಹಣೆಬರಹವೇ ಇಷ್ಟು, ಹೊರಗೆ ಹಸಿರು ಬಣ್ಣ, ಒಳಗೆ ಯಾವ್ಯಾವುದೋ ಗಾಡಿಯ ಕರುಳು. ಹರಾಜಿಗೆ ಮೊದಲೋ ಆಮೇಲೋ ಯಾರೋ ಪೆಟ್ಟಿಗೆಯನ್ನೇ ಬದಲಾಯಿಸಿದ್ದರು. "ನಾನು ಆವತ್ತೇ ಹೇಳಿದ್ದೆ" ಅಂತ ಮೆಕ್ಯಾನಿಕ್ ಹೇಳಿದ್ದನ್ನೇ ಹೇಳುತ್ತಾ ಹಳೆಯದನ್ನು ಸೀಮೆಎಣ್ಣೆಯಲ್ಲಿ ಉಜ್ಜಿದ. ನಂಬರು ಅರ್ಧ ಸವೆದಿತ್ತು. ಒಳಗಿನ ತೂತು, ಹೊರಗಿನ ಸುತ್ತು, ದಪ್ಪ ಎಲ್ಲ ಅಳೆದು, ಉಳಿದ ಅಂಕಿಗಳ ಫೋಟೊ ಹೊಡೆದು ಅಂಗಡಿಗೆ ಕಳಿಸಿದೆವು. ಬೇರಿಂಗಿನ ಹೊರಗಿನ ಉಂಗುರವೂ ಹೊಸದೇ ಬೇಕು, ಸವೆದದ್ದರೊಳಗೆ ಹೊಸದು ಬಾಳಲ್ಲ ಅಂದ ಮೆಕ್ಯಾನಿಕ್. ಅಂಗಡಿಯಲ್ಲಿ ಆ ಅಳತೆಯದು ಇರಲಿಲ್ಲ, ಬೆಂಗಳೂರಿಗೆ ಹೇಳಬೇಕಾಯಿತು.

ಅಷ್ಟರಲ್ಲಿ ಹೂ ಬಿಟ್ಟಿತು. ಪರಿಮಳ ಮನೆಯವರೆಗೂ ಬರುತ್ತಿತ್ತು. ದೊಡ್ಡಪ್ಪ ಜಗಲಿಯಲ್ಲಿ ಕೂತು, "ಎಲ್ಲಿಗೆ ಬಂತು?" ಅಂತ ಕೇಳುವರು. "ಬರ್ತಾ ಇದೆ" ಅನ್ನುವೆ. ಹೇಳಿ ಹೇಳಿ ಸಾಕಾಗಿತ್ತು. ಪಾಪ ಅಂತಲೂ ಅನ್ನಿಸುತ್ತಿತ್ತು.

ಹೂ ಬಿಟ್ಟ ಐದನೇ ದಿನಕ್ಕೆ ಬೇರಿಂಗು ಬಂತು, ಈ ಸಲ ಬಿಗಿಯಾಗಿ ಕೂತಿತು. ದೊಡ್ಡಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ ಹೊರಟೆ. ಜೀಪು ತಕರಾರಿಲ್ಲದೆ ಏರು ಹತ್ತಿತು. ಮೇಲೆ ಹೋಗಿ ನೋಡಿದರೆ ಹೂವೆಲ್ಲ ಕಂದಿ ಜೋತುಬಿದ್ದಿತ್ತು.

"ನೋಡಿ, ನಿಮ್ಮ ಮಿಲಿಟರಿ!" ಅಂದುಬಿಟ್ಟೆ.

ಅವರು ಕೂತಲ್ಲಿಂದಲೇ ಕೈಗೆಟುಕಿದ ಕೊಂಬೆ ಬಗ್ಗಿಸಿ, ಒಣಗಿದ ಹೂವನ್ನು ಉಗುರಿನಲ್ಲಿ ಸರಿಸಿ ನೋಡಿದರು.

"ಕಾಯಿ ಚೆನ್ನಾಗಿ ಕಚ್ಚಿದೆ. ಈ ಸಲ ಹಣ್ಣು ಜಾಸ್ತಿ" ಅಂದರು. "ಪಿಕಿಂಗಿಗೆ ಆಳುಗಳಿಗೆ ಮೊದಲೇ ಹೇಳಿಡು. ನಾನಿರಲ್ಲ, ನೀನೊಬ್ಬನೇ ಓಡಾಡಬೇಕು."