ಅಮ್ಮ ಕೊಡದ ಕೆಂಪು ಕಾರು

ನಾನು ನಿಂತಿದ್ದದ್ದು ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಮನೆಯ ಗ್ಯಾರೇಜಿನೊಳಗೆ, ವಾಷಿಂಗ್ ಮಷೀನಿಗೆ ಬೆನ್ನು ಕೊಟ್ಟು. ಎಂಬತ್ತರ ದಶಕದ ನಡುವಿನ ಒಂದು ಆಯುಧಪೂಜೆಯ ಬೆಳಿಗ್ಗೆ. ಆ ದಿನಗಳಲ್ಲಿ ನಮಗೆ ಹಬ್ಬಕ್ಕೆ ರಜೆ ಎಲ್ಲಿಯದು? ಶನಿವಾರ ಬಂದರೆ ಪುಣ್ಯ. ಆ ವರ್ಷ ಬಂದಿತ್ತು. ಊದುಬತ್ತಿ, ಪೆಟ್ರೋಲು, ಒಳಗಿನಿಂದ ಹೋಳಿಗೆಯ ತುಪ್ಪ, ಮೂರರ ವಾಸನೆಯೂ ಬೆರೆತಿತ್ತು.

ನಡುವೆ ಕೆಂಪು ಮಸಲ್ ಕಾರು, ಭಾರೀ ಎಂಜಿನ್ನಿನದು, ಅರವತ್ತರ ದಶಕದ್ದು. ಯಾರದೋ ಹಿತ್ತಲಲ್ಲಿ ತುಕ್ಕು ತಿನ್ನುತ್ತಿದ್ದುದನ್ನು ತಂದು ಜೀವ ಕೊಟ್ಟವಳು ಅಮ್ಮ. ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಯಲ್ಲಿ ರಿಪೇರಿ ಕಲಿತಿದ್ದಳು. ಮನೆಮನೆಯಿಂದ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ನಮ್ಮವರೇ ನಗುತ್ತಿದ್ದರು: "ಏನ್ರೀ ಸುಮಾ, ನಮ್ ಕಾರಿಗೂ ಆಯಿಲ್ ಚೇಂಜು ಮಾಡ್ಕೊಡ್ತೀರಾ?" ಅಪ್ಪನಿಗೆ ಅವಮಾನ. ಕಾರಿನ ಕಿಟಕಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡು ಅಂಟಿಸಿದವರು ಅವರೇ.

ಅಮ್ಮ ಬೇಡವೆನ್ನಲಿಲ್ಲ. "ಯಾರು ಮಾಡಿದ್ದು ಅಂತ ತಿಳ್ಕೊಂಡು ತಗೊಳ್ಲಿ, ಅಷ್ಟೇ," ಅಂದಳು.

ಅಂದು ಕಾರು ಕೊಳ್ಳಲು ಬಂದವನು ಎತ್ತರದ ಬಿಳಿಯ. ಚಕ್ರದಡಿಯ ನಿಂಬೆಹಣ್ಣು ನೋಡಿ ಹುಬ್ಬೇರಿಸಿದ. ಅಪ್ಪ ಸ್ಟಾರ್ಟ್ ಮಾಡಿದರು. ಎಂಜಿನ್ ಕೆಮ್ಮಿ, ನಡುಗಿ, ನಿಂತಿತು. ಮೆಕ್ಯಾನಿಕ್‌ನನ್ನು ಕರೆಯಿರಿ ಎಂದ ಬಂದವನು.

ಅಪ್ಪ ಕಾರಿನಿಂದ ಕೆಳಗಿಳಿದರು.

"ನಾನೇ ಮೆಕ್ಯಾನಿಕ್," ಎಂದಳು ಅಮ್ಮ, ಇಂಗ್ಲಿಷಿನಲ್ಲಿ.

ಅವನು ನಕ್ಕು, ಅವಳಿಗಲ್ಲ, ಅಪ್ಪನಿಗೆ ಹೇಳಿದ: ಸೀರೆಯುಟ್ಟವಳು ಮುಟ್ಟಿದ ಎಂಜಿನ್ನಾದರೆ ಪೂರ್ತಿ ಬಿಚ್ಚಿಸಿ ಹೊಸದಾಗಿ ಮಾಡಿಸಬೇಕು.

ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲಿದ್ದವು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಆ ಕಟ್ಟುನಿಟ್ಟು ಧಾರವಾಡದಿಂದ ಬಂದಿದ್ದ ಅಜ್ಜಿಯದು, ಅಪ್ಪನ ತಾಯಿಯದು. ಸೊಸೆಯ ಕೈಯ ಗ್ರೀಸನ್ನು ಅವರು ಎಂದೂ ಒಪ್ಪಿದವರಲ್ಲ.

"ಏನಂದಾ ಅವಾ?" ಅಜ್ಜಿ ನನ್ನನ್ನು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಜ್ಜಿ ಮಣೆಯಿಂದ ಒಂದು ಸ್ಪ್ಯಾನರ್ ಎತ್ತಿದರು.

"ಅವ್ವಾ, ಪೂಜಾಕ್ಕ ಇಟ್ಟದ್ದದು!" ಎಂದರು ಅಪ್ಪ.

"ಗೊತ್ತದ. ಇಟ್ಟಾಕಿ ನಾನ ಇದ್ದೀನಿ." ಅಮ್ಮನತ್ತ ಚಾಚಿದರು. "ತೊಗೋವಾ ಸುಮಾ. ದೇವಿ ನಾಳಿತನಕಾ ಕಾಯ್ತಾಳ. ಈ ಮೂಳ ಕಾಯಂಗಿಲ್ಲ."

"ಅದಲ್ಲ ಅತ್ತೆ, ಪಕ್ಕದ್ದು."

"ಯಾವ್ದರ ತೊಗೋ, ಲಗೂನ ಮಾಡು!"

ಅಮ್ಮ ಸೆರಗು ಸಿಕ್ಕಿಸಿ ಬಾಗಿದಳು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಬಿಗಿದಳು. ಕೀಲಿ ತಿರುಗಿಸಿದಳು. ಎಂಟೂ ಸಿಲಿಂಡರು ಗುಡುಗಿದವು; ನನ್ನ ಬೆನ್ನ ಹಿಂದೆ ವಾಷಿಂಗ್ ಮಷೀನು ಅದುರಿತು. ಗಿಡಕ್ಕೆ ನೀರು ಬಿಡುತ್ತಿದ್ದ ಎದುರುಮನೆಯ ರೋಸಾ ಪೈಪು ಎಸೆದು ಓಡಿಬಂದು ಚಪ್ಪಾಳೆ ತಟ್ಟಿದಳು.

ತಗೊಳ್ಳುತ್ತೇನೆ ಎಂದು ಅವನು ಅಪ್ಪನ ಕೈ ಕುಲುಕಲು ಹೋದ. ಅಮ್ಮ ಕಿಟಕಿಯ ಬೋರ್ಡನ್ನು ಕಿತ್ತಳು.

"ನಿಮಗೆ ಕೊಡುವುದಿಲ್ಲ," ಎಂದಳು. ಬೇರೆ ಯಾರಿಗೂ ಕೊಡಲಿಲ್ಲ. ಕಣ್ಣು ಮಂಜಾಗುವವರೆಗೂ ತಾನೇ ಓಡಿಸಿದಳು.

ಈಗ ಕಾರಿಲ್ಲ. ಅಜ್ಜಿಯಿಲ್ಲ, ಅಮ್ಮನಿಲ್ಲ. ಆ ಬೀದಿಯ ಕಾರುಗಳೆಲ್ಲ ಈಗ ಬ್ಯಾಟರಿಯವು, ಸದ್ದೇ ಇಲ್ಲ. ಉಳಿದಿರುವ ಒಂದೇ ಫೋಟೋದಲ್ಲಿ ಕಾರಿಗೊರಗಿ ನಿಂತಿರುವವರು ಅಪ್ಪ. ಅದಕ್ಕೇ ನೋಡಿದವರೆಲ್ಲ ಅದನ್ನು ಅಂಕಲ್ ರೆಡಿ ಮಾಡಿದ ಕಾರು ಅನ್ನುತ್ತಾರೆ. ಅಪ್ಪ ತಿದ್ದುವುದಿಲ್ಲ. ನಾನು ತಿದ್ದುತ್ತೇನೆ, ಪ್ರತಿ ಸಲವೂ, ಊಟದ ನಡುವೆಯಾದರೂ ಸರಿ. ಕಣ್ಣಾರೆ ಕಂಡವರಲ್ಲಿ, ನನಗೆ ಗೊತ್ತಿದ್ದಂತೆ, ಬದುಕಿರುವವರು ನಾನು, ಅಪ್ಪ, ಮತ್ತು ಈಗ ಮಾರ್ಗನ್ ಹಿಲ್‌ನಲ್ಲಿ ಮಗಳ ಮನೆಯಲ್ಲಿರುವ ರೋಸಾ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ರೋಸಾಳನ್ನು ಕೇಳಿ.