ಅಳಿಸಿ ಉಳಿಸಿದ ಫೋಟೋಗಳು

ಅವನ ನಿಜವಾದ ಹೆಸರು ಮನೆಯವರನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಸ್ಟುಡಿಯೋದಲ್ಲಿ ಫೋಟೋಗಳಿಗೆ ಟಚ್‌ಅಪ್ ಮಾಡುತ್ತಿದ್ದವನಾದ್ದರಿಂದ ಇಡೀ ಬೀದಿಗೆ ಅವನು ಟಚ್ಚಪ್ಪ. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಗಲ್ಲದ ಮೇಲಿನ ಗಾಯದ ಗುರುತು, ಹಿಂದಿನ ದಿನ ಗಂಡನ ಜೊತೆ ಜಗಳವಾಡಿ ಅತ್ತ ಕಣ್ಣಿನ ಊತ, ಯಾವುದೂ ಅವನ ಕೈಗೆ ಸಿಕ್ಕಿ ಉಳಿದದ್ದಿಲ್ಲ. ಮೊದಲು ಕುಂಚ, ಆಮೇಲೆ ಕಂಪ್ಯೂಟರಿನ ಮೌಸು, ಕೊನೆಗೆ ಮೊಬೈಲಿನ ಮೇಲೆ ತೋರುಬೆರಳು. ಸಾಧನ ಬದಲಾಯಿತೇ ಹೊರತು ಚಾಳಿ ಬದಲಾಗಲಿಲ್ಲ. ಚಾಳಿ ಎಂಬುದು ಅವನ ಹೆಂಡತಿಯ ಮಾತು. ಅವನು ಅದನ್ನು ಕೆಲಸ ಎನ್ನುತ್ತಿದ್ದ.

ಒಮ್ಮೆ ವಾಚ್ ರಿಪೇರಿಯವನೊಬ್ಬನ ಮೂಗಿನ ಪಕ್ಕದ ನರಹುಲಿಯನ್ನು ಯಾರೂ ಹೇಳದೆಯೇ ಅಳಿಸಿಬಿಟ್ಟಿದ್ದ. ಫೋಟೋ ನೋಡಿದ ಆತನ ಹೆಂಡತಿ, ಈ ಗಂಡಸು ಯಾರು, ನನಗೆ ನನ್ನ ಗಂಡನೇ ಬೇಕು ಎಂದು ಸ್ಟುಡಿಯೋಗೇ ಬಂದು ಕೂತಳು. ಪುಣ್ಯಕ್ಕೆ ನೆಗೆಟಿವ್ ಭದ್ರವಾಗಿತ್ತು. ಹೊಸ ಪ್ರಿಂಟು ತೆಗೆದು, ನರಹುಲಿಯ ಸಮೇತ ಗಂಡನನ್ನು ಒಪ್ಪಿಸಿದ. ಮುಖವನ್ನು ಏನು ಬೇಕಾದರೂ ಮಾಡಿ, ಮೂಲವನ್ನು ಮಾತ್ರ ಕಳೆಯಬೇಡಿ ಎಂದು ಅಂದಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಕಿವಿ ಹಿಂಡಿ ಹೇಳತೊಡಗಿದ.

ಅವನ ಒಬ್ಬಳೇ ಮಗಳು ಹುಟ್ಟುವಾಗಲೇ ಎಡಗೆನ್ನೆಯ ಮೇಲೆ ಕೆಂಪು ಮಚ್ಚೆ ಹೊತ್ತು ಬಂದಿದ್ದಳು. ಮಗಳೆಂದರೆ ಅವನಿಗೆ ಪ್ರಾಣ. ಅವಳ ಫೋಟೋವೊಂದನ್ನು ದೊಡ್ಡದು ಮಾಡಿ, ಮಚ್ಚೆಯನ್ನು ಎಳ್ಳಷ್ಟೂ ಸುಳಿವಿಲ್ಲದಂತೆ ತೆಗೆದು, ಸ್ಟುಡಿಯೋದ ಗಾಜಿನ ಹಿಂದೆ ಬೀದಿಗೆ ಕಾಣುವಂತೆ ಇಟ್ಟ. ಗಿರಾಕಿಗಳು ಫೋಟೋ ನೋಡುವರು, ಪಕ್ಕದಲ್ಲೇ ಆಡುತ್ತಿದ್ದ ಹುಡುಗಿಯನ್ನು ನೋಡುವರು, ಮತ್ತೆ ಫೋಟೋ ನೋಡುವರು. ಅದನ್ನೆಲ್ಲ ಅವನು ತನ್ನ ಕೈಚಳಕಕ್ಕೆ ಸಿಕ್ಕ ಶಹಬ್ಬಾಸ್ ಎಂದೇ ತಿಳಿದ. ಹುಡುಗಿ ಏನೆಂದು ತಿಳಿದಳೋ ಅವನು ಕೇಳಲಿಲ್ಲ.

ಜನರ ಜೇಬಿಗೇ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು, ನೆಗೆಟಿವ್‌ಗಳ ಪೆಟ್ಟಿಗೆಗಳು ಗುಜರಿಗೆ ಹೋದವು. ಮಗಳ ಮದುವೆ ನಿಶ್ಚಯವಾದಾಗ ಟಚ್ಚಪ್ಪನ ಕೈ ಮತ್ತೆ ತುರಿಸಿತು. ಅವಳ ಬಾಲ್ಯದ ಫೋಟೋಗಳನ್ನು ಕಲ್ಯಾಣಮಂಟಪದ ಪರದೆಯ ಮೇಲೆ ತೋರಿಸಬೇಕು. ಮನೆಯ ಆಲ್ಬಮ್ಮಿನಲ್ಲಿದ್ದವು ಹೆಂಡತಿ ಹಟ ಹಿಡಿದು ತಿದ್ದಗೊಡದ ಫೋಟೋಗಳು. ತೊಟ್ಟಿಲಿನಿಂದ ಹಿಡಿದು ಶಾಲೆಗೆ ಸೇರುವ ತನಕದ ಅವುಗಳಲ್ಲಿ ಮಚ್ಚೆ ಆಗ ಇದ್ದ ಹಾಗೇ ಇತ್ತು. ಹುಳ ತಿಂದು ಅಂಚು ಉದುರುತ್ತಿದ್ದ ಆ ಫೋಟೋಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಸೆರೆಹಿಡಿದು, ಫೋಟೋ ತಿದ್ದುವ ಆ್ಯಪ್ ಒಂದಕ್ಕೆ ಹಾಕಿದ.

ಆ್ಯಪ್ ಅವನಿಗೆ ಬಹಳ ಹಿಡಿಸಿತು. ಬೇಡದ್ದನ್ನು ಅಳಿಸಿ ಅದೇ ಫೋಟೋದ ಮೇಲೆಯೇ ಸೇವ್ ಮಾಡಿದರೂ, 'ಮೊದಲಿನಂತೆ' ಎಂಬ ಬಟನ್ ಒತ್ತಿದರೆ ತಿದ್ದದ ಫೋಟೋ ಮರಳಿ ಬರುತ್ತಿತ್ತು. ನಂಬಿಕೆಯಾಗುವ ತನಕ ಒತ್ತಿ ಒತ್ತಿ ನೋಡಿದ. ನೆಗೆಟಿವ್ ಈಗ ನನ್ನ ಜೇಬಿನಲ್ಲೇ ಇದೆ ಎಂದುಕೊಂಡ. ಕಲೆ, ಗೀರು, ಹುಳ ತಿಂದ ತೂತು ಎಲ್ಲವನ್ನೂ ತೆಗೆದ. ಕೈ ಅಲ್ಲಿಗೇ ನಿಲ್ಲದೆ ಪ್ರತಿಯೊಂದರಲ್ಲೂ ಮಚ್ಚೆಯನ್ನೂ ತೆಗೆಯಿತು. ಆಲ್ಬಮ್ಮನ್ನು ಎಸೆಯಬೇಡಿ ಎಂದು ಹೆಂಡತಿ ಬಡಕೊಂಡಳು. "ಎಲ್ಲ ಫೋನಲ್ಲಿದೆ ಕಣೇ, ಹುಳ ಯಾಕೆ ಸಾಕ್ತೀಯ?" ಎಂದು ಅವನೇ ಕಸದ ಗಾಡಿಗೆ ಹಾಕಿ ಬಂದ. ಮುಂದೆ ಆ ಫೋನಿನ ಬ್ಯಾಟರಿ ಊದಿಕೊಂಡು, ಅದನ್ನು ಅಂಗಡಿಗೆ ಕೊಟ್ಟು ಹೊಸದು ತಂದ. ಫೋಟೋಗಳೆಲ್ಲ ಹೊಸ ಫೋನಿಗೆ ಬಂದವು. ಅವನೂ ನಿಶ್ಚಿಂತೆಯಿಂದಿದ್ದ.

ಮಗಳಿಗೆ ಹೆಣ್ಣುಮಗು ಹುಟ್ಟಿತು. ಅದೇ ಎಡಗೆನ್ನೆ, ಅದೇ ಕೆಂಪು ಮಚ್ಚೆ. ಅದೂ ಕಣ್ಣಿಗೆ ತೀರಾ ಹತ್ತಿರ. ಮಗಳದು ಈಗ ಮಾಸಿ, ಗೊತ್ತಿದ್ದವರಿಗಷ್ಟೇ ಕಾಣುವಷ್ಟಾಗಿತ್ತು. ಮಗುವಿಗೆ ಈಗಲೇ ಔಷಧಿ ಶುರುಮಾಡಬೇಕೋ ಕಾದು ನೋಡಬೇಕೋ ಎಂದು ಡಾಕ್ಟರು ಯೋಚಿಸುತ್ತಿದ್ದರು. ತಾಯಿಯ ಮಚ್ಚೆ ಎಳವೆಯಲ್ಲಿ ಹರಡಿತ್ತೇ, ಉಬ್ಬಿತ್ತೇ, ಯಾವಾಗ ಇಳಿಯಿತು ಎಂದು ತಿಳಿದರೆ ಅಂದಾಜು ಸಿಗುತ್ತದೆ, ಆಗಿನ ಫೋಟೋ ಇದ್ದರೆ ತನ್ನಿ ಎಂದಿದ್ದರು. "ಅಪ್ಪಾ, ನಿನ್ನ ಹತ್ರ ಇರುತ್ತಲ್ಲ, ಕಳಿಸು," ಎಂದು ಮಗಳು ನಿರಾಳವಾಗಿ ಹೇಳಿ ಫೋನ್ ಇಟ್ಟಳು.

ಟಚ್ಚಪ್ಪ ಕಳಿಸಲು ಕೂತ. ಆ್ಯಪಿನಲ್ಲಿ ಯಾವ ಫೋಟೋ ತೆರೆದರೂ 'ಮೊದಲಿನಂತೆ' ಎಂಬ ಬಟನ್ನೇ ಇಲ್ಲ. ತೊಟ್ಟಿಲಲ್ಲಿ, ಅಜ್ಜಿಯ ತೊಡೆಯ ಮೇಲೆ, ಬಕೆಟ್ಟಿನೊಳಗೆ ಕೂತು ನಗುತ್ತಿದ್ದ ಮಗುವಿನ ಕೆನ್ನೆ ಎಲ್ಲೆಲ್ಲೂ ನುಣ್ಣಗಿತ್ತು. ಮಚ್ಚೆ ಬೆರಳ ತುದಿಯಷ್ಟಿತ್ತು ಎಂದಳು ಹೆಂಡತಿ. ಇಲ್ಲ, ಕಣ್ಣಿನ ತನಕ ಹೋಗಿತ್ತು ಎಂದ ಅವನು. ಅಷ್ಟು ಸಲ ಅಳಿಸಿದ್ದೀರಿ, ನಿಮಗೇ ಗೊತ್ತಿಲ್ಲವೇ ಎಂದು ಅವಳು ಮೂಗು ಮುರಿದಳು. ನಿಜವಾಗಿಯೂ ಗೊತ್ತಿರಲಿಲ್ಲ. ಅಳಿಸುವವನು ಮಚ್ಚೆಯನ್ನು ನೋಡುವುದಿಲ್ಲ; ಅದರ ಪಕ್ಕದ ಚರ್ಮವನ್ನು ನೋಡುತ್ತಾನೆ, ಮಚ್ಚೆಯ ಮೇಲೆ ಹಚ್ಚುವ ಬಣ್ಣ ಆಯ್ದುಕೊಳ್ಳಬೇಕಾದದ್ದು ಅಲ್ಲಿಂದ.

ಮೊಬೈಲ್ ಅಂಗಡಿಯ ಹುಡುಗಿ ಫೋನನ್ನು ತಿರುವಿ ಮುರುವಿ ನೋಡಿದಳು. ತಿದ್ದದ ಫೋಟೋಗಳನ್ನು ಆ್ಯಪ್ ಹಳೆಯ ಫೋನಿನೊಳಗೆ ತನ್ನದೇ ಜಾಗದಲ್ಲಿ ಇಟ್ಟುಕೊಂಡಿತ್ತು. ಫೋನ್ ಬದಲಿಸುವ ಮುಂಚೆ ಆ್ಯಪಿನಲ್ಲೇ ಬ್ಯಾಕಪ್ ಮಾಡಿದ್ದರೆ ಇಲ್ಲಿ ಮರಳಿ ಪಡೆಯಬಹುದಿತ್ತು. ಹಳೆಯ ಫೋನಿನಲ್ಲಿದ್ದದ್ದನ್ನೆಲ್ಲ ಅಂದೇ ಅಳಿಸಿಯಾಗಿದೆ, ಫೋನೂ ಎಲ್ಲಿಗೋ ಹೋಗಿದೆ ಎಂದು ಬಿಡಿಸಿ ಹೇಳಿದಳು. ಹಾಗಾದರೆ ಒರಿಜಿನಲ್ ಎಲ್ಲಿ ಎಂದು ಅವನು ಮತ್ತೆ ಕೇಳಿದ.

"ಇರೋದೇ ಇದು ಅಂಕಲ್. ಇನ್ಮೇಲೆ ಇದೇ ಒರಿಜಿನಲ್," ಎಂದಳು.

ಉಳಿದದ್ದು ಒಂದೇ ದಾರಿ, ಅವನ ಅಕ್ಕನ ಮನೆ. ತೀರಿಹೋದ ಭಾವನಿಗೆ ಕ್ಯಾಮೆರಾ ಹುಚ್ಚಿತ್ತು. ಆದರೆ ಟಚ್ಚಪ್ಪನ ಸ್ಟುಡಿಯೋ ಎಂದರೆ ಅಷ್ಟಕ್ಕಷ್ಟೆ. ನಮ್ಮ ಮುಖ ನಮಗೇ ಇರಲಿ ಮಾರಾಯ ಎಂದು ನಗುತ್ತ, ರೀಲನ್ನು ಬೇರೆ ಕಡೆ ಕೊಟ್ಟು ತೊಳೆಸುತ್ತಿದ್ದ. ಅದೇ ಈಗ ಟಚ್ಚಪ್ಪನಿಗೆ ದೇವರು ಕೊಟ್ಟ ವರದಂತೆ ಕಂಡಿತು. ಅಕ್ಕ ಆಲ್ಬಮ್ ತಂದು ಮುಂದಿಟ್ಟಳು. ತೀರಾ ಎಳೆಮಗುವಿನ ಫೋಟೋ ಇರಲಿಲ್ಲ, ನಾಲ್ಕೈದು ವರ್ಷದ ಹುಡುಗಿಯ ಫೋಟೋಗಳು ಬೇಕಾದಷ್ಟಿದ್ದವು. ಇಳಿಯುವಾಗ ಹೇಗಿತ್ತು ಎಂಬುದಾದರೂ ಡಾಕ್ಟರಿಗೆ ತಿಳಿಯುತ್ತದಲ್ಲ ಎಂದು ಕನ್ನಡಕ ಒರೆಸಿಕೊಂಡು ಕೂತ.

ಹೊಳೆಯ ದಡದಲ್ಲಿ ಹುಡುಗಿ ನೀರಿನ ಕಡೆ ಮುಖ ಮಾಡಿದ್ದಳು. ರೈಲಿನ ಕಿಟಕಿಯಲ್ಲಿ ಎಡಗೆನ್ನೆಗೆ ಕೈ ಊರಿದ್ದಳು. ಮೆಟ್ಟಿಲ ಮೇಲೆ ಎಲ್ಲ ಮಕ್ಕಳೂ ನೇರ ನೋಡುತ್ತಿದ್ದರೆ ಇವಳು ಸೋದರತ್ತೆಯ ಭುಜಕ್ಕೆ ಎಡಗೆನ್ನೆ ಒತ್ತಿಕೊಂಡಿದ್ದಳು. ಹಾಳೆ ತಿರುವುತ್ತ ಹೋದಂತೆ ಅವನ ಕೈ ನಿಧಾನವಾಯಿತು.

"ಕ್ಯಾಮೆರಾ ಕಂಡ್ರೆ ಸಾಕು, ಆ ಕಡೆ ತಿರುಗಿಬಿಡೋಳು ಕಣೋ," ಎಂದಳು ಅಕ್ಕ. "ನಿನಗೆ ಗೊತ್ತಿರಲಿಲ್ವಾ?"

ಗೊತ್ತಾಗುವುದು ಹೇಗೆ? ತಾನು ಫೋಟೋ ತೆಗೆಯುವಾಗ ಗಲ್ಲ ಹಿಡಿದು ಮುಖವನ್ನು ತಾನೇ ನೇರ ಮಾಡುತ್ತಿದ್ದ. ಅವಳು ಮುಖ ತಿರುಗಿಸುವುದು ಎಲ್ಲ ಮಕ್ಕಳ ತುಂಟಾಟ ಎಂದೇ ಭಾವಿಸಿದ್ದ. ಅಲ್ಲಿಂದ ಹೊರಟ ಮೇಲೆ ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಗಳ ಮನೆಗೆ ಬರಿಗೈಯಲ್ಲಿ ಹೋಗಿ ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ. ಫೋಟೋ ಸಿಗದಿದ್ದರೆ ಮಗುವಿನ ಫೋಟೋವನ್ನೇ ಆಗಾಗ ತೆಗೆದು ಕಳಿಸುತ್ತಿರಿ, ನೋಡುತ್ತ ಹೋಗೋಣ ಎಂದು ಡಾಕ್ಟರು ಹೇಳಿದ್ದಾರೆ, ಚಿಂತೆ ಬೇಡ ಎಂದಳು. ಅಕ್ಕನ ಮನೆಯ ಫೋಟೋಗಳ ಮಾತು ತೆಗೆದು, ಯಾಕೆ ಹಾಗೆ ತಿರುಗುತ್ತಿದ್ದೆ ಎಂದು ಅವನು ಕೇಳಿದ. ಚಿಕ್ಕಂದಿನ ಪೆದ್ದುತನ ನೆನಪಾದವಳಂತೆ ಅವಳು ನಕ್ಕಳು.

"ನಾನೇ ತಿರುಗಿಕೊಂಡ್ರೆ ನಿನಗೆ ಕೆಲಸ ಕಡಿಮೆ ಆಗುತ್ತೆ ಅಂದ್ಕೊಂಡಿದ್ದೆ, ಅಪ್ಪ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಿನ್ನ ಕೈ ಅಲುಗಾಡೋದಿಲ್ಲ, ಮೊದಲನೇ ಫೋಟೋ ನೀನೇ ತೆಗಿ ಎಂದು ಅವಳು ಮಗುವನ್ನೆತ್ತಿಕೊಂಡು ಕಿಟಕಿಯ ಬೆಳಕಿಗೆ ಬಂದು ಕೂತಳು. ಟಚ್ಚಪ್ಪ ಫೋನ್ ಎತ್ತಿ ಹಿಡಿದ. ಹಿಡಿದ ಕೂಡಲೇ ಮಗಳ ಕೈ ತನ್ನಷ್ಟಕ್ಕೆ ತಾನೇ ಮಗುವಿನ ತಲೆಯನ್ನು ಹೊರಳಿಸಿ, ಎಡಗೆನ್ನೆಯನ್ನು ತನ್ನ ಎದೆಗೆ ಒತ್ತಿಕೊಂಡಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಫೋಟೋಗೆಂದು ಮುಗುಳ್ನಗುತ್ತ ಕಾದಳು. ಈ ಕಡೆ ತಿರುಗಿಸಮ್ಮ ಎನ್ನಬೇಕಿತ್ತು. ಅವನು ಫೋನನ್ನು ಮೆಲ್ಲಗೆ ಕೆಳಗಿಳಿಸಿದ.